ಕಪ್ಪು ಬಟ್ಟೆಯ ಮೇಡಂ

ಮಾತಾಡುವಾಗ ಆ ಮೇಡಂ ಕಣ್ಣು ನಮ್ಮ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಭುಜ ದಾಟಿ, ಹಿಂದಿನ ಗೋಡೆಯನ್ನೂ ದಾಟಿ ಎಲ್ಲೋ ತೇಲುತ್ತಿತ್ತು. ಕೈ ಮಾತ್ರ ಇಲ್ಲೇ, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜುತ್ತಿತ್ತು. ಈ ಗಿರಾಕಿ ಚೌಕಾಸಿ ಮಾಡುವವರಲ್ಲ ಎಂದು ಮೊದಲ ದಿನವೇ ಅಂದಾಜು ಮಾಡಿದ್ದೆ. ಅಂಗಡಿ ಇಡುವವರಿಗೆ ಒಂದು ಕಿವಿಮಾತು: ಅಂಥವರ ಹತ್ತಿರವೇ ಹುಷಾರಾಗಿರಿ.

ಕೃಷ್ಣಮೂರ್ತಿಪುರಂನಿಂದ ಅಶೋಕಪುರಂನ ನನ್ನ ಬಟ್ಟೆ ಅಂಗಡಿಗೆ ನಡೆದೇ ಬರುತ್ತಿದ್ದರು. ಯಾವುದೋ ದೇಶದ ಬೆಟ್ಟದ ಮೇಲೆ ಕಟ್ಟುತ್ತಿರುವ ಭಾರೀ ದೂರದರ್ಶಕಕ್ಕೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಡಿಯುವ ಉಪಕರಣ ರೂಪಿಸುವುದು ಅವರ ಕೆಲಸ. ಪರೀಕ್ಷೆಯ ಕೋಣೆಗೆ ಕಪ್ಪು ಪರದೆ ಬೇಕಿತ್ತು. ಪರದೆ ಚೂರು ಹೊಳೆದರೂ ಇಷ್ಟು ವರ್ಷಗಳ ದುಡಿಮೆ ಸರಿಯೋ ತಪ್ಪೋ ತಿಳಿಯುವುದಿಲ್ಲವಂತೆ. ತಿಂಗಳ ಕೊನೆಗೆ ಉಪಕರಣ ಹಡಗು ಹತ್ತಬೇಕಿತ್ತು.

"ಇದಕ್ಕಿಂತ ಕಪ್ಪು ಮೈಸೂರಲ್ಲೇ ಇಲ್ಲ ಮೇಡಂ, ಗ್ಯಾರಂಟಿ" ಎಂದು ಇಡೀ ಸುರುಳಿಯನ್ನೇ ಕೊಟ್ಟೆ. ಮಾರನೆಯ ದಿನ ಅದು ವಾಪಸ್ಸು ಬಂತು.

"ಇದು ಬಿಳಿ, ಯಜಮಾನ್ರೇ."

"ಮಾರಿದ್ದು ವಾಪಸ್ ತಗೊಳಲ್ಲ ಅಂತ ಬೋರ್ಡ್ ಹಾಕಿದೀನಿ. ಅದಕ್ಕೆ ಕಪ್ಪನ್ನೇ ಬಿಳಿ ಮಾಡ್ಬುಟ್ರಾ ಮೇಡಂ?"

ಅವರು ವಾದಕ್ಕಿಳಿಯಲಿಲ್ಲ. ಚೀಲದಿಂದ, ಆ ಕಾಣದ ಬೆಳಕನ್ನು ತೋರಿಸುವ ಪುಟ್ಟ ಕ್ಯಾಮೆರಾ ತೆಗೆದು ನನ್ನ ಕೈಗಿಟ್ಟರು. ಅದರಲ್ಲಿ ನನ್ನ ಕಪ್ಪು ಬಟ್ಟೆಗಳ ಸಾಲೆಲ್ಲ ಹಾಲಿನಲ್ಲಿ ಅದ್ದಿದಂತಿತ್ತು. ಬೀದಿಯ ಹೊಂಗೆಮರ ಎಲೆಎಲೆಯೂ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಕೆಳಗೆ ಕರಿ ಕೋಟಿನ ವಕೀಲರೊಬ್ಬರು ಬಿಳಿ ಕೋಟು ತೊಟ್ಟ ಮದುಮಗನಂತೆ ನಡೆದುಹೋದರು. ನಿದ್ದೆಯಲ್ಲಿ ಕಂಡ ಮೈಸೂರು ಅದು. ಕ್ಯಾಮೆರಾ ಕೆಳಗಿಳಿಸಲು ಮನಸ್ಸೇ ಬರಲಿಲ್ಲ.

"ನಿಮ್ಮ ತಪ್ಪಲ್ಲ ಬಿಡಿ. ಈ ಬಣ್ಣ ನಮ್ಮ ಕಣ್ಣಿಗೆ ಮಾತ್ರ ಕಪ್ಪು" ಎಂದರು.

ಆದರೂ ನನ್ನ ಮಾತು ಸುಳ್ಳಾಗಿತ್ತಲ್ಲ. ಭಾನುವಾರ ಅವರನ್ನು ಕೆಸರೆಗೆ, ಬಟ್ಟೆಗೆ ಅಚ್ಚು ಹಾಕುವ ಗೆಳೆಯನ ಬಳಿ ಕರೆದೊಯ್ದೆ. "ದೀಪದ ಮಸಿ ಯಾವ ಬೆಳಕಲ್ಲೂ ಕಪ್ಪೇ. ಆದ್ರೆ ಒಂದು ಕಣ ಉದುರಿದ್ರೂ ನನ್ನ ಉಪಕರಣ ಹಾಳು" ಎಂದರು ಮೇಡಂ.

"ಅಷ್ಟೇನಾ? ಟೀ ಶರ್ಟಿಗೆ ಹಾಕೋ ರಬ್ಬರ್ ಅಂಟಲ್ಲಿ ಕಲಸ್ಬುಟ್ರೆ ಎಲ್ಲಿಗೋಯ್ತದೆ ಅದು?" ಎಂದ ಅವನು.

ಹಾಗೇ ಕಲಸಿ ಬಟ್ಟೆಗೆ ಮೂರು ಸಲ ಬಳಿದ. ಒಣಗಿದ ಮೇಲೆ ಮೇಡಂ ಬಿಳಿ ಕರವಸ್ತ್ರದಿಂದ ಉಜ್ಜಿದರು, ಕಲೆಯಿಲ್ಲ. ಕ್ಯಾಮೆರಾದಲ್ಲಿ ಕತ್ತಲು ಅಲ್ಲಾಡದೆ ನಿಂತಿತ್ತು.

ಉಪಕರಣ ಪರೀಕ್ಷೆ ಗೆದ್ದು ಹಡಗು ಹತ್ತಿತು. ಅದನ್ನು ಹೇಳಲೆಂದೇ ಅಂಗಡಿಗೆ ಬಂದರು.

"ಅದರಲ್ಲಿ ಏನ್ ಕಾಣುತ್ತೆ ಮೇಡಂ?"

"ಧೂಳಿನ ಮೋಡದೊಳಗೆ ನಕ್ಷತ್ರ ಹುಟ್ಟೋದು."

"ನೀವ್ಯಾವಾಗ ನೋಡ್ತೀರಿ?"

"ದೂರದರ್ಶಕ ಮುಗಿಯೋಕೆ ಇನ್ನೂ ಸುಮಾರು ವರ್ಷ ಬೇಕು. ಅಲ್ಲೀತನಕ ನಾನಿರಲ್ಲ ಅಂತಾರೆ ಡಾಕ್ಟ್ರು."

ಹಬ್ಬದೊಳಗೆ ಖರ್ಚಾಗದ ಸರಕನ್ನು ಮುಟ್ಟದವನು ನಾನು. "ಮತ್ತೆ ನಿಮಗೇನ್ ಸಿಕ್ಕಂಗಾಯ್ತು?" ಎಂದುಬಿಟ್ಟೆ.

"ಯಾರಾದ್ರೂ ನೋಡ್ತಾರಲ್ಲ ಕಣ್ರೀ" ಎಂದು ನಕ್ಕರು.

ಹೋದ ವರ್ಷ ಮೇಡಂ ತೀರಿಕೊಂಡರು. ದೂರದರ್ಶಕವನ್ನು ಇನ್ನೂ ಕಟ್ಟುತ್ತಲೇ ಇದ್ದಾರೆ. ವ್ಯಾಪಾರದ ದಿನ ಬಾಗಿಲು ಹಾಕಿದವನಲ್ಲ ನಾನು, ಸ್ವಂತ ಮಗಳ ಮದುವೆಯ ಮುಂಚಿನ ದಿನವೂ ತೆರೆದಿದ್ದೆ. ಆದರೆ ಆ ದೂರದರ್ಶಕ ಕಣ್ಣು ಬಿಟ್ಟ ಸುದ್ದಿ ಪೇಪರಿನಲ್ಲಿ ಬರುವ ದಿನ ಅಂಗಡಿಗೆ ರಜೆ. ಕೆಲಸದವರಿಗೆ ಈಗಲೇ ಹೇಳಿಟ್ಟಿದ್ದೇನೆ, ನಾನಿಲ್ಲದಿದ್ದರೂ ಬಾಗಿಲು ಹಾಕಿ ಎಂದು.