ಹೆರಿಗೆಗೂ ಮುಂಚೆ ಕಟ್ಟಿದ ಉಂಡೆ

ಮೊನ್ನೆ ಬೀದರಿನ ಮಿಠಾಯಿ ಅಂಗಡಿಯೊಂದರ ಮುಂದೆ ಕಾಲು ತಾನಾಗಿ ನಿಂತಿತು. ಒಳಗೆ ಬಾಣಂತಿಯರ ಉಂಡೆಗೆ ತುಪ್ಪದಲ್ಲಿ ಅಂಟು ಹುರಿಯುತ್ತಿದ್ದರು. ಆ ವಾಸನೆ ಬಂದರೆ ನನಗೆ ಠಾಣಾ ಕುಶನೂರಿನ ಪಕ್ಕದ ಮನೆಯ ಕಾಕು, ಊರಿಗೆಲ್ಲ ಚಿಕ್ಕಮ್ಮನಂತಿದ್ದವರು, ನೆನಪಾಗುತ್ತಾರೆ...

ನಾನಾಗ ಆ ಊರಿಗೆ ಹೊಸ ಸೊಸೆ. ಮಳೆ ಕೈಕೊಟ್ಟ ವರ್ಷ. ಅರ್ಧ ಊರು ಗಂಟುಮೂಟೆ ಕಟ್ಟಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೊರಟಿತ್ತು. ಅದೇ ಹೊತ್ತಿಗೆ ಸರ್ಕಾರದವರು ಬಂದು ಆರೋಗ್ಯ ಸಮಿತಿ ಮಾಡಿದರು. ಪಟ್ಟಣದವರಿಗೆ ಸಿಗುವ ಆರೈಕೆ ಹಳ್ಳಿಯ ಬಡವರಿಗೂ ಸಿಗಬೇಕು, ಅದಕ್ಕೆ ಊರವರೇ ಕೈಜೋಡಿಸಬೇಕು ಎಂದರು. ಹೊಸದಾಗಿ ಬಣ್ಣ ಬಳಿದ ಸಣ್ಣ ದವಾಖಾನೆಗೆ ನರ್ಸಮ್ಮ ಬರುತ್ತಾರೆ ಎಂದೂ ಹೇಳಿದರು. ಕಾಕುವನ್ನು ಅಧ್ಯಕ್ಷೆ ಮಾಡಿ, ಚಪ್ಪಾಳೆ ತಟ್ಟಿಸಿ ಹೋದರು.

ಕಾಕು ನಂಬಿದರು. ಬಸುರಿಯರು ಕಬ್ಬಿಗೆ ಹೋಗುವುದು ಬೇಡ, ಊರೇ ಅವರನ್ನು ನೋಡಿಕೊಳ್ಳಲಿ ಎಂದು ಮನೆಮನೆ ತಿರುಗಿದರು. ಗುಳೆ ಹೋಗುವವರೂ ಒಂದೊಂದು ಹಿಡಿ ಅಂಟು, ಕೊಬ್ಬರಿ, ಬೆಲ್ಲ ಬಿಟ್ಟು ಹೋದರು. ಕಾಕು ಬೀಗರೊಂದಿಗೆ ಜಗಳ ತೆಗೆದು ತುಂಬು ಬಸುರಿ ಮಗಳನ್ನೂ ಕರೆತಂದರು. ಆಮೇಲೆ ಉಂಡೆ ಕಟ್ಟಲು ಕೂತರು.

ಕೂಸು ಹುಟ್ಟುವ ಮೊದಲು ಬಾಣಂತಿಯ ಉಂಡೆ ಕಟ್ಟುವ ಪದ್ಧತಿ ನಮ್ಮಲ್ಲಿ ಇಲ್ಲ. ನಮ್ಮತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಯಕ್ಕಾ, ಹೆರಿಗಿ ಆಗ್ಲಿ, ತಡಿ. ಅಪಶಕುನ ಅದ."

"ಆಗ ಕಟ್ಲಾಕ ಊರಾಗ ಯಾರ್ ಇರ್ತಾರವ್ವಾ? ಕೈಕಾಲು ಗಟ್ಟಿ ಇದ್ದವರೆಲ್ಲಾ ಹೊಂಟಾರ," ಎಂದು ಕಾಕು ನಕ್ಕರು.

ದವಾಖಾನೆಯ ಕಟ್ಟೆ ಗುಡಿಸುವುದು ಸಮಿತಿಯ ಕೆಲಸ. ಕಾಕು ದಿನಾ ಗುಡಿಸಿದರು. ನರ್ಸಮ್ಮ ಬರಲೇ ಇಲ್ಲ. ಕಸಬರಿಗೆ ನಮಗೆ ಕೊಟ್ಟಿದ್ದರು, ಬೀಗದ ಕೈ ಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಮಗಳಿಗೆ ನೋವು ಶುರುವಾಯಿತು. ಬೀಗದ ಮುಂದೆ, ಕಾಕು ಗುಡಿಸಿದ್ದ ಆ ಕಟ್ಟೆಯ ಮೇಲೆಯೇ ಹೆರಿಗೆಯಾಯಿತು. ರಕ್ತ ನಿಲ್ಲಲಿಲ್ಲ. ಊರಿನ ಜೀಪು ಕಬ್ಬಿನವರನ್ನು ಬಿಡಲು ಹೋಗಿತ್ತು. ಎತ್ತಿನ ಗಾಡಿಯಲ್ಲಿ ಔರಾದಿನ ದಾರಿ ಹಿಡಿದೆವು... ಅರ್ಧ ದಾರಿಯಿಂದಲೇ ಗಾಡಿ ತಿರುಗಿಸಬೇಕಾಯಿತು. ಕೂಸು ಬದುಕಿತು. ಬೀಗರು ಅದನ್ನು ಎತ್ತಿಕೊಂಡು ಹೋದವರು ಕಾಕುಗೆ ಮತ್ತೆ ಮುಖ ತೋರಿಸಲಿಲ್ಲ.

ಆಮೇಲೆ ಬಂದ ಸಾಹೇಬರು, ಜನರಲ್ಲಿ ತಿಳಿವಳಿಕೆ ಸಾಲದು ಎಂದರು. ಊರವರು ಇನ್ನೂ ಸುಲಭದ ಕಾರಣ ಹುಡುಕಿದರು: ಮೊದಲೇ ಉಂಡೆ ಕಟ್ಟಿದಳಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೀಗ ಹಾಕಿದವರನ್ನು ಯಾರೂ ಬೈಯಲಿಲ್ಲ. ಕಾಕು ಆ ಉಂಡೆಗಳನ್ನು ಉಳಿದ ಬಸುರಿಯರ ಮನೆಗೆ ಒಯ್ದರೆ ಒಬ್ಬರೂ ಬಾಗಿಲು ತೆರೆಯಲಿಲ್ಲ. ಮುಂದಿನ ವರ್ಷ ಕಾಕುವೂ ಕಬ್ಬಿಗೆ ಹೋದರು. ಅಲ್ಲೇ ತೀರಿಕೊಂಡರಂತೆ... ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಂಗಡಿಯವನು ಉಂಡೆ ತೂಗುತ್ತಾ ಕೇಳಿದ, "ಮನ್ಯಾಗ ಬಾಣಂತಿ ಯಾರ್ರಿ ಅಮ್ಮಾ?"

"ಸೊಸಿ. ಇನ್ನೂ ಹಡದಿಲ್ಲ."

"ಹಂಗಾರ ಈಗೇ ಯಾಕ ಒಯ್ತೀರಿ? ಹೆರಿಗಿ ಆಗ್ಲಿ, ಬರ್ರಿ," ಎಂದು ಉಂಡೆಗಳನ್ನು ಮತ್ತೆ ತಟ್ಟೆಗೆ ಸುರಿದ.

"ಉಂಡಿಯಿಂದ ಯಾರೂ ಸಾಯಂಗಿಲ್ಲಪಾ. ಬೀಗದಿಂದ ಸಾಯ್ತಾರ. ತೂಗು," ಎಂದೆ.

ಅವನು ಅರ್ಥವಾಗದೆಯೇ ಮತ್ತೆ ತಕ್ಕಡಿ ಎತ್ತಿದ. ಈ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದ ಕಾಕು ಈಗ ಇಲ್ಲ.