ನೊಲ್ಬೆರ್ತೊ ತಡೆಹಿಡಿದ ಮಾತು

ಹೊಲಿಗೆ ಯಂತ್ರ ರಿಪೇರಿ ಮಾಡುವ ನೊಲ್ಬೆರ್ತೊನನ್ನು ಮಾಕೆಲ್ಕೊದಲ್ಲಿ ಎಲ್ಲರೂ ರೇಡಿಯೊದವನು ಎಂದೇ ಕರೆಯುತ್ತಿದ್ದರು. ಚಿಲಿಯ ನಮ್ಮ ಕಡೆ ಬೆಂಕಿ ಆರಿಸುವವರು ಸಂಬಳವಿಲ್ಲದ ಊರವರೇ. ಅವರ ನಡುವೆ ಸುದ್ದಿ ದಾಟಿಸುವ ಹವ್ಯಾಸಿ ರೇಡಿಯೊದವರೂ ಹಾಗೆಯೇ. ಬೇಸಿಗೆಗೆ ಮೊದಲು ನಡೆಯುವ ತಾಲೀಮಿನಲ್ಲಿ ಬೆಂಕಿ ತಂಡದ ಕ್ಯಾಪ್ಟನ್ ಪಕ್ಕದ ರೇಡಿಯೊ ಮೇಜು ಇಪ್ಪತ್ತೆರಡು ವರ್ಷ ಅವನದೇ ಆಗಿತ್ತು.

ಆ ವರ್ಷ ಕ್ಯಾಪ್ಟನ್ ಇತುರ್ರಾ ಅಲ್ಲಿ ಎಡಿತಾಳನ್ನು ಕೂರಿಸಿದ. ನಿವೃತ್ತ ಟೀಚರು, ಲೈಸೆನ್ಸ್ ಸಿಕ್ಕಿ ಎರಡು ವರ್ಷವೂ ಆಗಿರಲಿಲ್ಲ. ಆದರೆ ಎಂಥ ಗೊರಗೊರದಲ್ಲೂ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಕಣಿವೆಯ ತಂಡದ ಮಾತು ನೇರವಾಗಿ ಮೇಜಿಗೆ ಮುಟ್ಟುವುದಿಲ್ಲವೆಂದು, ಅದನ್ನು ಕೇಳಿ ದಾಟಿಸಲು ನೊಲ್ಬೆರ್ತೊನನ್ನು ಗುಡ್ಡಕ್ಕೆ ಕಳಿಸಿದರು.

ಎಡಿತಾ ರೇಡಿಯೊದಲ್ಲಿ ಮಾತಾಡುವಾಗಲೆಲ್ಲ ಹಿಂದೆ ಕ್ಯಾಪ್ಟನ್ ನಗುವುದು ಕೇಳುತ್ತಿತ್ತು. ತನ್ನ ಪಕ್ಕ ಕೂತಾಗ ಅವನು ಎಂದೂ ಹಾಗೆ ನಕ್ಕಿರಲಿಲ್ಲ. ನೊಲ್ಬೆರ್ತೊನ ಹೊಟ್ಟೆಯಲ್ಲಿ ಕಿಚ್ಚೆದ್ದಿತು.

ಹನ್ನೊಂದಕ್ಕೆ ಕಣಿವೆಯ ತಂಡದ ರೆನೆ ರೇಡಿಯೊದಲ್ಲಿ, ನೀರು ಮುಗಿಯಿತು, ಎರಡನೇ ಲಾರಿ ಕಳಿಸಿ ಎಂದ. ನೊಲ್ಬೆರ್ತೊ ಅದನ್ನು ಮೇಜಿಗೆ ದಾಟಿಸಲು ರೇಡಿಯೊದ ಗುಂಡಿ ಒತ್ತಿದ, ಮಾತಾಡದೆ ಬಿಟ್ಟ. ಮತ್ತೆ ಒತ್ತಿ, ಮತ್ತೆ ಬಿಟ್ಟ. ತಾಲೀಮು ತಾನೇ, ಅವಳ ಮೇಜು ಒಮ್ಮೆ ಎಡವಲಿ ಎಂದುಕೊಂಡ.

ನಾಲ್ಕು ನಿಮಿಷದಲ್ಲಿ ತಾಲೀಮಿಗೆಂದು ಹಚ್ಚಿದ ಪೈನ್ ಕೊಂಬೆಗಳ ಬೆಂಕಿ, ಅದನ್ನು ತಡೆಯಲು ಕೆರೆದಿದ್ದ ಮಣ್ಣಿನ ಗೆರೆ ದಾಟಿತು. ಖಾಲಿ ಪೈಪು ಬಿಟ್ಟು ಸಲಿಕೆ ಹಿಡಿದ ರೆನೆಯ ಕೈ ಸುಟ್ಟಿತು. ಅವನ ಕೂಗು ಕೇಳಿದ ನೊಲ್ಬೆರ್ತೊ ಆಗ ಎಲ್ಲವನ್ನೂ ಒಂದೇ ಉಸಿರಿಗೆ ದಾಟಿಸಿದ. ಲಾರಿ ಬಂತು, ಬೆಂಕಿ ಆರಿತು.

ತಾಲೀಮು ಮುಗಿದ ಮೇಲಿನ ಸಭೆಯಲ್ಲಿ, ಗುಡ್ಡದ ಮಾತನ್ನು ಎಡಿತಾಳೇ ಗಮನಿಸಲಿಲ್ಲವೆಂದುಕೊಂಡ ಕ್ಯಾಪ್ಟನ್ ನೀರು ತಡವಾದದ್ದಕ್ಕೆ ಅವಳನ್ನು ಎಲ್ಲರೆದುರು ಬೈದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅದಕ್ಕಾಗಿಯೇ ಕಾದಿದ್ದ ನೊಲ್ಬೆರ್ತೊಗೆ ಖುಷಿಯೇ ಆಗಲಿಲ್ಲ.

ಹೊರಗೆ ಅವಳೇ ಹತ್ತಿರ ಬಂದಳು.

"ಎರಡು ಸಲ ಗುಂಡಿ ಒತ್ತಿ ಬಿಟ್ರಲ್ಲ, ನೊಲ್ಬೆರ್ತೊ ಅವರೇ. ಟಕ್ ಅಂದಿದ್ದು ನಂಗೆ ಕೇಳಿಸ್ತು."

"ಮತ್ತೆ ಒಳಗೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತ ಕಾದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಒಳ್ಳೆಯತನದಲ್ಲೂ ಇವಳೇ ಮುಂದೆ ಎಂದು ಇನ್ನಷ್ಟು ಉರಿಯಿತು. ಆ ಉರಿಯಲ್ಲೇ ಒಳಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಕ್ಯಾಪ್ಟನ್ ಅವನನ್ನು ಆ ಬೇಸಿಗೆಯಿಡೀ ತಂಡದ ರೇಡಿಯೊ ಕೆಲಸದಿಂದ ದೂರವಿಟ್ಟ.

ರೆನೆಯ ಕೈ ವಾಸಿಯಾಗುವವರೆಗೆ ಅವನ ಮನೆಯ ಸೌದೆ ಒಡೆದುಕೊಟ್ಟವನು ನೊಲ್ಬೆರ್ತೊನೇ. ಸಂಜೆ ಅಂಗಡಿಯಲ್ಲಿ ರೇಡಿಯೊ ಹಚ್ಚಿ, ತಪ್ಪು ಸಿಕ್ಕೀತೇ ಎಂದು ಎಡಿತಾಳ ದನಿಗೆ ಕಿವಿಗೊಡುತ್ತಿದ್ದ. ಸಿಗುತ್ತಿರಲಿಲ್ಲ. ಅವಳು ಚೆನ್ನಾಗಿ ಮಾಡ್ತಾಳೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ, ಹಲ್ಲು ನೋಯುವವನ ಮುಖ ಮಾಡಿಕೊಂಡು.