ನನ್ನ ಹೆಂಡತಿಯ ಭಕ್ತಿ ಹೆಚ್ಚಾದ ಎರಡು ವರ್ಷ

ನನ್ನ ಹೆಂಡತಿ ಗುರುಲಿಂಗವ್ವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದನ್ನೇ ನೋಡುತ್ತ ಕೂಡುತ್ತಾಳೆ. ನಲವತ್ತು ವರ್ಷ ಆ ಅಂಗೈ ಎದೆಯ ಮಟ್ಟದಲ್ಲಿತ್ತು. ಆಮೇಲೆ ಎರಡು ವರ್ಷದಲ್ಲಿ ಮೆಲ್ಲಗೆ ಮೇಲೇರಿ ಗದ್ದಕ್ಕೆ ಬಂತು, ಕೊನೆಗೆ ಮೂಗಿಗೇ ತಾಗಿತು. ಇಳಕಲ್ಲಿನ ಶಾಲೆಯಲ್ಲಿ ಮೂವತ್ತೈದು ವರ್ಷ ವಿಜ್ಞಾನ ಕಲಿಸಿದ ರಾಚಪ್ಪ ಮಾಸ್ತರ, ಅಂದರೆ ನಾನು, ಇದರಿಂದ ಕಂಡುಹಿಡಿದದ್ದು ಇಷ್ಟು: ಆಕೆಯ ಭಕ್ತಿ ಹೆಚ್ಚಾಗಿದೆ.

ಕಂಡುಹಿಡಿದು ಸುಮ್ಮನಾದರೂ ಇದ್ದೆನೇ? ಚಹದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ, "ನಮ್ಮಾಕಿ ಲಿಂಗದಾಗ ಮುಳುಗಿ ಬಿಡ್ತಾಳ್ರಿ" ಎಂದು ಕೊಚ್ಚಿಕೊಂಡೆ.

ನನಗೆ ಮಾತ್ರ ಪೇಪರಿನ ಅಕ್ಷರ ತುಸು ಮಂಜಾದ ವಾರವೇ ಬಾಗಲಕೋಟೆಗೆ ಓಡಿದೆ. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡೆ. ದಿನಕ್ಕೆ ನಾಲ್ಕು ಸಲ ಹನಿ ಹಾಕುವವಳು ಗುರುಲಿಂಗವ್ವ. ಹನಿ ಒಮ್ಮೊಮ್ಮೆ ಕೆನ್ನೆಗೆ ಬೀಳುತ್ತಿತ್ತು. "ನೋಡಿ ಹಾಕ" ಎಂದು ಗದರುತ್ತಿದ್ದೆ.

ಹೊಸ ಕಣ್ಣು ಬಂದ ಹುರುಪಿನಲ್ಲಿ ನಮ್ಮ ಓಣಿಯಲ್ಲೇ ಕಣ್ಣಿನ ತಪಾಸಣೆ ಶಿಬಿರ ಮಾಡಿಸಿದೆ. ಒಬ್ಬಿಬ್ಬರನ್ನು ಬಿಟ್ಟರೆ ಬಂದವರೆಲ್ಲ ಗಂಡಸರು. ಮೈಕು ಹಿಡಿದು, "ಮನಿ ಹೆಣ್ಮಕ್ಕಳನ್ನೂ ಕರಕೊಂಡ ಬರ್ರಿ" ಎಂದು ಬುದ್ಧಿ ಹೇಳಿದೆ. ಪಕ್ಕದ ಮನೆಯ ಬೋರವ್ವ ಎದ್ದು ನಿಂತಳು.

"ಗುರುಲಿಂಗಕ್ಕನ್ನ ನೀವ್ಯಾಕ ಕರಕೊಂಡ ಬಂದಿಲ್ರಿ, ಮಾಸ್ತರ? ನಿನ್ನಿ ನಾ ಬಾಗಲದಾಗ ನಿಂತ್ರ, ನಿಮ್ಮ ಮಗಳು ಸುನಂದಾ ಅಂತ ತಿಳದ್ರು. ದನಿ ಕೇಳಿದ ಮ್ಯಾಲೆ ಗುರ್ತ ಹಿಡದ್ರು."

ಮೈಕು ಅಲ್ಲೇ ಬಿಟ್ಟು ಮನೆಗೆ ಬಂದೆ. "ಯಾಕ ಹೇಳಲಿಲ್ಲ?" ಎಂದೆ.

"ನಿಮ್ಮ ಎರಡೂ ಕಣ್ಣ ಆಗ್ಲಿ ಅಂತ ಕಾದ್ನಿ. ನಾನೂ ಮಲಕೊಂಡ್ರ ರೊಟ್ಟಿ ಬಡಿಯೋರು ಯಾರು? ಆಮ್ಯಾಲೆ ನೀವು ನನ್ನ ಭಕ್ತಿ ಊರ ತುಂಬ ಹೇಳಕೋಂತ ಅಡ್ಡಾಡಿದ್ರಿ. ಕಣ್ಣ ಕಾಣವಲ್ದು ಅಂತ ಹೇಳಿ ನಿಮ್ಮ ಮಾರಿ ಸಣ್ಣದು ಮಾಡ್ಲೇನು?"

ಮರುದಿನ ಬಾಗಲಕೋಟೆಗೆ ಹೋದೆವು. ಬಲಗಣ್ಣಿಗೆ ಪೊರೆ, ತೆಗೆಯಬಹುದು. ಎಡಗಣ್ಣಿನ ನರ ಒಳಗಿನ ಒತ್ತಡಕ್ಕೆ ಸತ್ತುಹೋಗಿತ್ತು. "ಎರಡು ವರ್ಷ ಮೊದಲ ಬಂದಿದ್ರ ಉಳೀತಿತ್ತು. ಇಷ್ಟ ದಿನ ಏನ ಮಾಡ್ತಿದ್ರಿ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ಬಲಗಣ್ಣಿನ ಆಪರೇಷನ್ ಆಯಿತು. ಹನಿ ಹಾಕುವವನು ನಾನು. ಅಂಗೈ ಮತ್ತೆ ಎದೆಯ ಮಟ್ಟಕ್ಕೆ ಇಳಿದಿದೆ. ಆದರೆ ಮೊದಲಿನಂತೆ ನಟ್ಟನಡುವೆ ಇರುವುದಿಲ್ಲ. ಉಳಿದ ಕಣ್ಣಿನ ಕಡೆಗೆ, ತುಸು ಬಲಕ್ಕೆ ಸರಿದಿರುತ್ತದೆ. ಓಣಿಯಲ್ಲಿ ಯಾರೂ ಅದನ್ನು ಗಮನಿಸಿಲ್ಲ. ನಾನೂ ಯಾರಿಗೂ ಹೇಳಿಲ್ಲ.